ಮಾವ ಕಟ್ಟಿದ ರೇಡಿಯೋ

ಮೊನ್ನೆ ಭಾನುವಾರ ಮೊಮ್ಮಗಳು ನಡುಮನೆಯಲ್ಲಿ ಹಳೆಯ ದುಪ್ಪಟಿ ಹಾಸಿಕೊಂಡು, ತನ್ನ ಕಂಪ್ಯೂಟರಿನ ಡಬ್ಬ ಬಿಚ್ಚಿ, ಒಳಗಿನದನ್ನೆಲ್ಲ ಹರವಿ ಕೂತಿದ್ದಳು. ಬಿಚ್ಚುವಾಗ ಒಳಗಿನ ಫ್ಯಾನಿನ ತಂತಿಯೊಂದು ಕಿತ್ತು ಬಂದಿತ್ತಂತೆ. ಬೆಸುಗೆ ಕಡ್ಡಿ ಕಾಯಿಸಿ ಆ ಜಾಗಕ್ಕೆ ಮುಟ್ಟಿಸಿದಳು. ಸುರ್ ಅಂತ ಒಂದೆಳೆ ಹೊಗೆ ಎದ್ದಿತು. ಬಿಸಿ ರಾಳದ ವಾಸನೆ... ತರಕಾರಿ ಹೆಚ್ಚುತ್ತಿದ್ದ ನನ್ನ ಕೈ ನಿಂತೇಹೋಯಿತು.

ಅಷ್ಟರಲ್ಲಿ ಮಗ ಬಂದವನು ಗೊಣಗಿದ. “ಚೆನ್ನಾಗಿ ಓಡ್ತಾ ಇತ್ತಲ್ಲೇ, ಸುಮ್ನೆ ಯಾಕೆ ಬಿಚ್ಚಿ ಹಾಕ್ದೆ?”

“ಓಡ್ತಾ ಇತ್ತಪ್ಪ. ಆದ್ರೆ ನಂಗೆ ಬೇಕಾಗಿರೋದು ಅದ್ರಲ್ಲಿ ಓಡ್ತಾ ಇರ್ಲಿಲ್ಲ” ಅಂದಳು ಮೊಮ್ಮಗಳು.

“ಬಿಚ್ಚಲಿ ಬಿಡೋ” ಅಂದೆ ನಾನು. ಕಂಪ್ಯೂಟರಿನ ಕಡೆ ತಲೆ ಹಾಕಿಯೂ ಮಲಗದ ಅಮ್ಮನಿಗೆ ಇದರಲ್ಲೇನು ಕೆಲಸ ಅಂತ ಮಗ ನನ್ನ ಮುಖ ನೋಡಿದ. ಅವನಿಗೇನು ಗೊತ್ತು, ಓಡುವುದನ್ನು ಬಿಚ್ಚಿ ಮತ್ತೆ ಕಟ್ಟಿದ ಮನುಷ್ಯರೊಬ್ಬರ ಎದುರು ನಾನು ಎಷ್ಟು ಮಧ್ಯಾಹ್ನ ಕೂತಿದ್ದೆ ಅಂತ. ಅವರು ನನ್ನ ಮಾವ. ಮಗ ಹುಟ್ಟುವ ಮುಂಚಿನ ಮಾತು ಇದು.

ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದದ್ದು ಅರವತ್ತರ ದಶಕ ಮುಗಿಯುತ್ತಿದ್ದ ಕಾಲಕ್ಕೆ. ತವರು ಸೂಲಿಬೆಲೆ. ನಮ್ಮಪ್ಪ ಅಲ್ಲಿ ಮೇಷ್ಟರು, ಹಾಗಾಗಿ ನನಗೆ ಎಸ್ಸೆಸ್ಸೆಲ್ಸಿವರೆಗೆ ಓದು ದಕ್ಕಿತ್ತು. ಸೂಲಿಬೆಲೆಯಲ್ಲಿ ಎಮ್ಮೆ ಕೂಗಿದರೆ ಊರಿಗೆಲ್ಲ ಕೇಳುತ್ತಿತ್ತು. ಗಂಡನ ಮನೆಯ ಬೀದಿಯಲ್ಲಿ ಮಗ್ಗದ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಮನೆಮನೆಗೂ ವಿದ್ಯುತ್ ಮಗ್ಗ. ಬೆಳಗಾದರೆ ಟಕಟಕ ಶುರು, ಗೋಡೆಗೆ ಒರಗಿದರೆ ಬೆನ್ನಿಗೂ ಅದೇ ಟಕಟಕ. ಮೊದಮೊದಲು ನನಗೆ ಊಟ ಕೂಡ ಸೇರುತ್ತಿರಲಿಲ್ಲ.

ಮಾವ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಕಾಲದ ನೇಕಾರರು. ಆಮೇಲೆ ಮನೆಗೆ ವಿದ್ಯುತ್ ಮಗ್ಗ ಬಂದು, ಅದರ ಪಕ್ಕದಲ್ಲೇ ವರ್ಷಗಟ್ಟಲೆ ನಿಂತೂ ನಿಂತೂ ಕಿವಿ ಕಳೆದುಕೊಂಡಿದ್ದರು. ಪೂರ್ತಿ ಹೋಗಿರಲಿಲ್ಲ. ಯಾರಾದರೂ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದರೆ ಅರ್ಧಂಬರ್ಧ ತಿಳಿಯುತ್ತಿತ್ತು. ಅತ್ತೆ, ಮಕ್ಕಳು ಎಲ್ಲರೂ ಕಿರುಚುತ್ತಿದ್ದರು. ನಾನು ಸೊಸೆ, ನಾನು ಹಾಗೆ ಕಿರುಚುವಂತಿರಲಿಲ್ಲ. ಮಾವನ ಎದುರು ನಿಂತು ಮಾತಾಡಬಾರದು, ಆಡಿದರೂ ಬಾಗಿಲ ಮರೆಯಿಂದ, ಸಣ್ಣ ದನಿಯಲ್ಲಿ. “ಸೊಸೆ ದನಿ ಹೊಸ್ತಿಲು ದಾಟ್ಬಾರ್ದು” ಅಂತ ಅತ್ತೆ ಮೊದಲ ವಾರವೇ ಹೇಳಿದ್ದರು. ಹೊಸ್ತಿಲು ದಾಟದ ದನಿ ಆ ಕಿವಿಯನ್ನು ಎಲ್ಲಿ ಮುಟ್ಟೀತು? ನಾನು ಆ ಮನೆಗೆ ಕಾಲಿಟ್ಟು ಎರಡು ಯುಗಾದಿ ಕಳೆದಿದ್ದರೂ ಮಾವ ನನ್ನ ಒಂದು ಮಾತನ್ನೂ ಕೇಳಿರಲಿಲ್ಲ. ಏನಾದರೂ ಹೇಳಬೇಕಾದರೆ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ಮುಂದಿಡುತ್ತಿದ್ದೆ. ಅವರು ಓದಿ, ತಲೆಯಾಡಿಸಿ, ಅಂಗೈಯಲ್ಲಿ ಒರೆಸಿ ವಾಪಸ್ ಕೊಡುತ್ತಿದ್ದರು.

ಒಂದು ದಿನ ಪೇಟೆ ಬೀದಿಯ ರೇಡಿಯೋ ರಿಪೇರಿಯವನು ತಮಾಷೆಗೆ ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಅಂಗಡಿಯ ದೊಡ್ಡ ರೇಡಿಯೋ ಜೋರು ಮಾಡಿದನಂತೆ. ಎಲ್ಲೋ ದೂರದಲ್ಲಿ ಎಳೆಯಂತೆ ನಾಗಸ್ವರ ಕೇಳಿಸಿತಂತೆ. ಅವತ್ತು ಮನೆಗೆ ಬಂದವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು.

“ಕಿವಿ ದಿನದಿನಕ್ಕೂ ಮುಚ್ಕೊಳ್ತಾ ಇದೆ ಅಂದ್ರು ಡಾಕ್ಟ್ರು. ಪೂರ್ತಿ ಮುಚ್ಚೋ ಮುಂಚೆ ಇನ್ನೊಂದಿಷ್ಟು ಕೇಳ್ಬೇಕು ಕಣಮ್ಮ. ನಾನೇ ಒಂದು ರೇಡಿಯೋ ಕಟ್ತೀನಿ. ರಿಪೇರಿಯವ್ನು ಇಂಗ್ಲಿಷ್ ಪುಸ್ತಕ ಕೊಟ್ಟವ್ನೆ, ನೀನು ಓದಿ ಹೇಳ್ಬೇಕು.”

ಹೀಗೆ ನಾನು ಮಾವನ ಎದುರು ಕೂತೆ. ನಡುಮನೆಯಲ್ಲಿ ಚಾಪೆ, ಆ ಕಡೆ ಅವರು, ಈ ಕಡೆ ನಾನು, ನಡುವೆ ಮರದ ಹಲಗೆ. ಅತ್ತೆಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. “ಇದ್ಯಾವ ಸೀಮೆ ಚೆಂದ, ಮಾವನೂ ಸೊಸೆನೂ ಎದುರಾಬದುರಾ ಕೂತು...” ಅಂತ ಎದ್ದುಹೋಗುತ್ತಿದ್ದರು. ಮಾವನಿಗೆ ಅದೂ ಕೇಳಿಸುತ್ತಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಮೊದಲು ಕಟ್ಟಬೇಕಾದದ್ದು ಕರೆಂಟೂ ಬೇಡದ, ಬ್ಯಾಟರಿಯೂ ಬೇಡದ ಪುಟ್ಟ ಸೆಟ್ಟು. ಒಂದು ಸುರುಳಿ, ಸ್ಟೇಷನ್ ಹಿಡಿಯಲು ತಿರುಗಿಸುವ ಕಂಡೆನ್ಸರು, ಜೀರಿಗೆಯಷ್ಟು ದೊಡ್ಡ ಒಂದು ಡಯೋಡು, ಮಾಳಿಗೆಯ ಮೇಲೊಂದು ಉದ್ದ ತಂತಿ, ನೆಲಕ್ಕೊಂದು ತಂತಿ, ಕೇಳಲು ಹೆಡ್‌ಫೋನು. ಇಷ್ಟೇ. ಮಾವ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿ ಎಲ್ಲ ತಂದರು. ಹೆಡ್‌ಫೋನ್ ಮಾತ್ರ ಗುಜರಿಯದು, ಮಿಲಿಟರಿಯವರು ಬಿಸಾಕಿದ್ದು, ಕಬ್ಬಿಣದಷ್ಟು ಭಾರ. ನಾನು ಪುಸ್ತಕ ಓದಿ, ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಸ್ಲೇಟಿಗೆ ಇಳಿಸುತ್ತಿದ್ದೆ. ತಿಳಿಯದಿದ್ದರೆ ಅಲ್ಲೊಂದು ಪ್ರಶ್ನೆ ಚಿಹ್ನೆ. ಅದಕ್ಕೆ ಉತ್ತರ ಕೇಳಿಕೊಂಡು ಬರಲು ಅವರು ಪೇಟೆಗೆ ಹೋಗುತ್ತಿದ್ದರು.

ಸುರುಳಿ ಸುತ್ತುವ ಹೊತ್ತಿಗೆ ತಾಮ್ರದ ತಂತಿ ಸಾಲದೆ ಬಂತು. ಮಾವ ಅದಕ್ಕೆಲ್ಲ ಹೆದರುವವರೇ? ಮಗ್ಗದ ಹತ್ತಿರ ಹೋಗಿ ಸೀರೆಯ ಸೆರಗಿಗೆ ಹಾಕುವ ಜರಿ ತಂದರು. “ಇದು ಬೆಳ್ಳಿನೇ, ತಾಮ್ರಕ್ಕಿಂತ ಒಂದು ಕೈ ಮೇಲು” ಅಂತ ತಾಮ್ರವನ್ನು ಪಕ್ಕಕ್ಕಿಟ್ಟು ಇಡೀ ಸುರುಳಿಯನ್ನು ಜರಿಯಲ್ಲೇ ಸುತ್ತಿದರು. ಎಂಥ ಸುರುಳಿ! ಎಳೆಗೆ ಎಳೆ ಅಂಟಿಕೊಂಡು, ಮದುವೆಯ ಸೀರೆಯ ಅಂಚಿನಂತೆ ಝಗಝಗ. ನನ್ನ ತಲೆಗೆ ಹೆಡ್‌ಫೋನ್ ಹಾಕಿ, ಕಂಡೆನ್ಸರ್ ತಿರುಗಿಸಿ, “ಬತ್ತಾ?” ಅಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. “ಈಗ?” ಈಗಲೂ ಇಲ್ಲ. ಸಂಜೆಯವರೆಗೂ ಇಲ್ಲ.

ಮಾರನೆಯ ದಿನ ರಿಪೇರಿಯವನೇ ಮನೆಗೆ ಬಂದ. ಸುರುಳಿಯನ್ನು ನೋಡಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ಯಜಮಾನ್ರೇ, ತಾಮ್ರದ ತಂತಿ ಮೇಲೆ ಬಣ್ಣ ಬಳ್ದಿರ್ತಾರೆ, ಅದೇ ಅದಕ್ಕೆ ಸೀರೆ. ನಿಮ್ಮ ಜರಿ ಮೈಮೇಲೆ ಏನೂ ಇಲ್ಲ. ಒಂದಕ್ಕೊಂದು ಮೈ ತಾಗಿದ್ರೆ ಕರೆಂಟು ಸುತ್ತು ಹಾಕೋದೇ ಇಲ್ಲ, ಅಡ್ಡದಾರೀಲಿ ಓಡೋಗ್ತದೆ!” ಇದನ್ನೆಲ್ಲ ಅವರ ಕಿವಿಯಲ್ಲಿ ಕಿರುಚಿ ಹೇಳಿದ್ದರಿಂದ ಬೀದಿಗೆಲ್ಲ ಗೊತ್ತಾಯಿತು. ಮಾವ ತಾವೂ ನಗಲು ಶುರುಮಾಡಿದರು. “ಊರಿಗೆಲ್ಲ ಸೀರೆ ನೇಯ್ದು ಉಡ್ಸಿದೋನು, ತಂತಿಗೆ ಉಡ್ಸೋದು ಮರ್ತ್ಬಿಟ್ಟೆ” ಅಂದರು.

ಹೊಸ ತಂತಿ ಬಂತು, ಸುರುಳಿ ಮತ್ತೆ ಸುತ್ತಿದ್ದಾಯಿತು. ನೆಲದ ತಂತಿಯನ್ನು ಹಿತ್ತಲ ತುಳಸಿಯ ಬುಡದ ಕಬ್ಬಿಣದ ಸಲಾಕೆಗೆ ಕಟ್ಟಿದರು. ಅಲ್ಲಿನ ಮಣ್ಣು ಯಾವಾಗಲೂ ಒದ್ದೆ, ಅತ್ತೆ ದಿನಾ ನೀರು ಹಾಕುತ್ತಿದ್ದರಲ್ಲ. ಮಾಳಿಗೆಯ ತಂತಿಯ ಮೇಲೆ ಅತ್ತೆ ಬಣ್ಣ ಹಾಕಿದ ಹಸಿ ನೂಲಿನ ಲಡಿಗಳನ್ನು ಒಣಗಿಸಲು ತೂಗುಹಾಕಿದ್ದರು. ಅದನ್ನು ಇಳಿಸಿಕೊಡಿ ಅಂತ ಬೇಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಅವತ್ತು ಮಧ್ಯಾಹ್ನ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತವು. ಆ ನಿಶ್ಶಬ್ದದಲ್ಲಿ ಹೆಡ್‌ಫೋನಿನೊಳಗೆ ಒಬ್ಬ ಗಂಡಸು, ಇರುವೆಯಷ್ಟು ಸಣ್ಣ ದನಿಯಲ್ಲಿ, ಎಮ್ಮೆ ಕರುಗಳಿಗೆ ಜಂತುಹುಳದ ಔಷಧಿ ಕುಡಿಸುವ ಬಗೆ ಹೇಳುತ್ತಿದ್ದ! ನನಗೆ ಅಳುವೂ ಬಂತು, ನಗುವೂ ಬಂತು.

“ಬತ್ತಾ?”

ಜೋರಾಗಿ ತಲೆಯಾಡಿಸಿದೆ. ಮಾವ ಹೆಡ್‌ಫೋನ್ ಇಸಿದುಕೊಂಡು ತಮ್ಮ ಕಿವಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಕೂತರು. ಬಹಳ ಹೊತ್ತಾದ ಮೇಲೆ ತೆಗೆದು, “ಚೆನ್ನಾಗಿ ಬರ್ತಾ ಇದೆ ಕಣಮ್ಮ” ಅಂದರು. ಮಾಳಿಗೆಯಿಂದ ಬಂದ ತಂತಿ ಆಗಲೇ ಕಳಚಿ ಚಾಪೆಯ ಮೇಲೆ ಬಿದ್ದಿತ್ತು, ಅದಿಲ್ಲದೆ ಸೆಟ್ಟು ಮೂಕ. ನಾನು ಸ್ಲೇಟಿನ ಮೇಲೆ ‘ನಿಮಗೆ ಕೇಳಿಸಿತಾ?’ ಅಂತ ಬರೆದು ಮುಂದಿಟ್ಟೆ. ಅವರು ಅದನ್ನು ಓದಿ, ಅಂಗೈಯಲ್ಲಿ ಒರೆಸಿದರು.

ಆ ಸೆಟ್ಟು ನನ್ನ ಕೈಗೆ ಬಂತು. ಕರೆಂಟು ಹೋದಾಗಲೆಲ್ಲ ನಾನು ಹೆಡ್‌ಫೋನ್ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದೆ. ಸುಗಮ ಸಂಗೀತ, ನಾಟಕ, ವಾರ್ತೆ... ಊರಿಗೆಲ್ಲ ಕರೆಂಟು ಹೋದರೆ ಬೇಜಾರು, ನನಗೆ ಮಾತ್ರ ಹಬ್ಬ. ಆ ಗದ್ದಲದ ಮನೆಯಲ್ಲಿ ನನಗೆ ಜೀವ ಹಿಡಿಯುವಂತೆ ಮಾಡಿದ್ದು ಅದೇ. ಹಾಗಾಗಿ ಕೆಲವು ತಿಂಗಳಾದ ಮೇಲೆ ಮಾವ ಅದನ್ನು ಬಿಚ್ಚುತ್ತೇನೆ ಅಂದಾಗ ನಾನು ಸೆಟ್ಟನ್ನು ಒಳಗೆ ಎತ್ತಿಟ್ಟುಬಿಟ್ಟೆ. ಟ್ರಾನ್ಸಿಸ್ಟರ್ ಸೇರಿಸಿದರೆ ದನಿ ದೊಡ್ಡದಾಗುತ್ತದೆ ಅಂತ ರಿಪೇರಿಯವನು ಹೇಳಿದ್ದನಂತೆ.

ಅತ್ತೆಯಂತೂ ಸಿಡಿದೆದ್ದರು. “ಮಾತಾಡೋ ಗಿಣಿನ ಕುಯ್ದು, ಮಾತು ಎಲ್ಲಿಂದ ಬರ್ತದೆ ಅಂತ ನೋಡ್ದಂಗಾಯ್ತು. ಸರಿಯಾಗಿರೋದನ್ನ ಯಾಕ್ರೀ ಹಾಳ್ಮಾಡ್ತೀರಾ?” ಅಂತ ಕಿವಿಯಲ್ಲಿ ಕಿರುಚಿದರು. ಮಾವ ಮೆಲ್ಲಗೆ, “ನಿಮ್ಗೆಲ್ಲ ಸರಿಯಾಗೈತೆ ಕಣೇ” ಅಂದರು. ಅದಾದ ಮೇಲೆ ನಾನೇ ಒಳಗೆ ಹೋಗಿ ಸೆಟ್ಟು ತಂದು ಅವರ ಮುಂದಿಟ್ಟೆ.

ಟ್ರಾನ್ಸಿಸ್ಟರ್ ಅಂದರೆ ಮೂರು ಕಾಲಿನ ಹುರುಳಿಕಾಳು. ಮೊದಲನೆಯದು ಬೆಸುಗೆಯ ಕಾವಿಗೇ ಸತ್ತಿತು. ಒಲೆಯ ಕೆಂಡದಲ್ಲಿ ಕಾಯಿಸಿದ ಕಡ್ಡಿಗೆ ಹದ ಎಲ್ಲಿಂದ ಬರಬೇಕು? ಕಾಲನ್ನು ಇಕ್ಕಳದಲ್ಲಿ ಹಿಡಿದರೆ ಕಾವು ಒಳಗೆ ಹೋಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಇಕ್ಕಳ ಹಿಡಿಯುವ ಕೆಲಸ ನನ್ನದಾಯಿತು. ರಾಳದ ಹೊಗೆ ಕಣ್ಣಿಗೆ ಹೋಗಿ ಇಬ್ಬರೂ ಕಣ್ಣೀರು ಸುರಿಸುತ್ತಿದ್ದೆವು. ಒಂದು ಟ್ರಾನ್ಸಿಸ್ಟರ್ ಹಾಕಿದರೆ ದನಿ ನನಗೆ ಜೋರು, ಅವರಿಗೆ ಸುಮ್ಮನೆ ಗುಂಯ್. ಮತ್ತೆ ಬಿಚ್ಚಿ ಎರಡನೆಯದು, ಆಮೇಲೆ ಮೂರನೆಯದು. ಅಷ್ಟರಲ್ಲಿ ಮಿಲಿಟರಿ ಹೆಡ್‌ಫೋನಿನ ಕಿವಿಗೆ ಒತ್ತುವ ಎರಡು ಬಟ್ಟಲುಗಳನ್ನೂ ಬೇರೆಬೇರೆ ಮಾಡಿದ್ದರು, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ.

ಒಂದು ಮಧ್ಯಾಹ್ನ ಮಾವ ಒಂದು ಬಟ್ಟಲನ್ನು ಕಿವಿಗೆ ಒತ್ತಿಕೊಂಡು ಬ್ಯಾಟರಿ ಕೊಟ್ಟು ನೋಡುತ್ತಿದ್ದರು. ಇನ್ನೊಂದು ಬಟ್ಟಲಿನ ತಂತಿಯನ್ನು, ರೇಡಿಯೋದ ಸುರುಳಿಯ ತಂತಿ ಅಂದುಕೊಂಡು, ದನಿ ಒಳಗೆ ಹೋಗುವ ಕಡೆಗೆ ಸಿಕ್ಕಿಸಿಬಿಟ್ಟಿದ್ದರು. ಆ ಬಟ್ಟಲು ನನ್ನ ಮೊಣಕಾಲ ಹತ್ತಿರ ಬಿದ್ದಿತ್ತು. ಹಲಗೆ ಸರಿಸಲು ನಾನು ಕೈ ಚಾಚಿದೆ. ಮಾವ ಬೆಚ್ಚಿಬಿದ್ದು ತಲೆಯೆತ್ತಿದರು.

“ಏನದು ಸದ್ದು?”

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. “ಬಳೆ... ನಿನ್ನ ಬಳೆ ಸದ್ದು ಕಣಮ್ಮ. ಇನ್ನೊಂದ್ಸಲ ಆಡ್ಸು.” ಆಡಿಸಿದೆ. ಅವರ ಬಾಯಿ ಅರ್ಧ ತೆರೆದೇ ಇತ್ತು. ಕೇಳಿಸುವ ಬಟ್ಟಲು ಕೇಳಿಸಿಕೊಳ್ಳುವ ಕೆಲಸವನ್ನೂ ಮಾಡುತ್ತದೆ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮಾವ ಅದನ್ನು ಎತ್ತಿ ನನ್ನ ಬಾಯಿಯ ಮುಂದೆ ಹಿಡಿದರು.

ಏನು ಮಾತಾಡಲಿ? ಎರಡು ವರ್ಷದಿಂದ ಕೂಡಿಟ್ಟ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಯಾವತ್ತಿನ ಹಾಗೆ ತಲೆ ತಗ್ಗಿಸಿ, ಹೊಸ್ತಿಲು ದಾಟದ ದನಿಯಲ್ಲೇ ಹೇಳಿದೆ. “ಮಾವ, ಊಟಕ್ಕೆ ಬನ್ನಿ. ಮುದ್ದೆ ಆರ್ತಾ ಇದೆ.”

ಅವರು ಅಲ್ಲಾಡಲಿಲ್ಲ. ಕಣ್ಣು ತುಂಬಿಕೊಂಡಿತ್ತು.

“ಆರ್ಲಿ ಬಿಡು ತಾಯಿ. ಇನ್ನೊಂದ್ಸಲ ಹೇಳು.”

ಇನ್ನೊಂದು ಸಲ ಹೇಳಿದೆ. ಆಮೇಲೆ ಅತ್ತೆ ಬಂದು ನನ್ನ ಬಾಯಿಯ ಮುಂದಿದ್ದ ಬಟ್ಟಲು ಕಸಿದುಕೊಂಡು ಅದರೊಳಗೆ ಕಿರುಚಿದರು. ಮಾವ ಅಯ್ಯಯ್ಯೋ ಅಂತ ಕಿವಿಯಿಂದ ಕಿತ್ತು ಹಾಕಿ, “ಮೆತ್ತಗೆ ಕಣೇ, ಈಗ ಮೆತ್ತಗೆ ಹೇಳಿದ್ರೂ ಸಾಕು” ಅಂದರು. ಅತ್ತೆಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು. ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಮುದ್ದೆ ಕಲ್ಲಾದ ಮೇಲೆ ಊಟಕ್ಕೆ ಕೂತೆವು.

ಅದು ಮತ್ತೆ ರೇಡಿಯೋ ಆಗಲಿಲ್ಲ. ಹಲಗೆಗೆ ಒಂದು ಡಬ್ಬ ಕಟ್ಟಿ ಮಾವ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು, ಬಂದವರ ಕೈಗೆಲ್ಲ ಬಟ್ಟಲು ಕೊಡುತ್ತಿದ್ದರು. ನಾನು ಅವರಿಗೆ ಪೇಪರು ಓದಿದೆ, ಸೂಲಿಬೆಲೆಯ ಕತೆ ಹೇಳಿದೆ, ಒಂದೆರಡು ಸಲ ಹಾಡೂ ಹೇಳಿದೆ. ನನ್ನ ಮಗ ಹುಟ್ಟಿದಾಗ ಅವನ ಅಳುವನ್ನು ತಾತ ಕೇಳಿದ್ದು ಆ ಬಟ್ಟಲಿನಲ್ಲೇ. ಐದಾರು ವರ್ಷ ಹೀಗೆ ಸಿಕ್ಕಿತು. ಆಮೇಲೆ ಡಾಕ್ಟರು ಹೇಳಿದ ಹಾಗೆ ಕಿವಿ ಪೂರ್ತಿ ಮುಚ್ಚಿತು. ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸಿ ನೋಡಿದರು, ಪ್ರಯೋಜನವಾಗಲಿಲ್ಲ. “ಸಾಕಷ್ಟು ಕೇಳ್ದೆ ಬಿಡಮ್ಮ” ಅಂದವರು ಮತ್ತೆ ಸ್ಲೇಟು ಕೇಳಿದರು. ಹೋಗುವವರೆಗೂ ಸ್ಲೇಟೇ...

ಮೊಮ್ಮಗಳ ಕಂಪ್ಯೂಟರ್ ಈಗ ಸಿದ್ಧವಾಗಿದೆ. ಅವಳು ಹಾಡು ಹಾಕುತ್ತಾಳೆ, ಬೇರೆ ಊರಿನ ಗೆಳತಿಯರ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ, ಮನೆ ತುಂಬ ಸದ್ದು. ನನಗೆ ಅದು ಬಹಳ ಇಷ್ಟ. ಮನೆಯಲ್ಲಿ ಎಲ್ಲರ ಕಿವಿಯೂ ಚೆನ್ನಾಗಿದೆ. ನಾನು ಏನು ಹೇಳಿದರೂ ಒಂದೇ ಸಲಕ್ಕೆ ಕೇಳುತ್ತದೆ, ಇನ್ನೊಂದು ಸಲ ಹೇಳು ಅಂತ ಕೇಳುವವರು ಮಾತ್ರ ಯಾರೂ ಇಲ್ಲ.