ತೆಳ್ಳನೆಯ ತುದಿ

ವಾಳಪೈಯ ಮಾನಪ್ಪ ಬಡಿಗೇರ ಮೊದಲು ಬಾಗಿಲು, ಕಿಟಕಿ ಮಾಡುತ್ತಿದ್ದ. ಪಣಜಿಯಲ್ಲಿ ಮಕ್ಕಳಿಗೆ ಬಿಲ್ಲುಗಾರಿಕೆ ಕಲಿಸುವ ಪರ್ವೇಜ ಒಮ್ಮೆ ಮುರಿದ ಬಿಲ್ಲೊಂದನ್ನು ತಂದು ತೋರಿಸಿದ. ಅಲ್ಲಿಂದ ಮಾನಪ್ಪನಿಗೆ ಅದೇ ಹುಚ್ಚಾಯಿತು. ಬಿದಿರು, ಸಾಗವಾನಿಯ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಉದ್ದನೆಯ ಬಿಲ್ಲು ಮಾಡತೊಡಗಿದ. ಪ್ರತಿ ಪಟ್ಟಿಯೂ ಹಿಡಿಕೆಯ ಕಡೆ ದಪ್ಪ, ತುದಿಗೆ ಹೋದಂತೆ ತೆಳು. ಹಾಗಿದ್ದರೇ ಬಿಲ್ಲು ಉದ್ದಕ್ಕೂ ಸಮನಾಗಿ ಬಾಗುತ್ತದೆ. ಆ ವ್ಯತ್ಯಾಸ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ; ಯಾವ ತುದಿ ದಪ್ಪವೆಂದು ಮಾನಪ್ಪ ಬೆರಳಲ್ಲಿ ಹಿಡಿದು ಹೇಳುತ್ತಿದ್ದ.

“ದಪ್ಪ ತುದಿಗೆ ಗುರುತು ಹಾಕ್ರಿ ಕಾಕಾ,” ಎಂದಿದ್ದ ಪರ್ವೇಜ.

“ನೀ ಉಣ್ಣಾಕ ಕುಂತಾಗ ಬಾಯಿಗೆ ಗುರುತು ಹಾಕ್ಕೋತಿಯೇನೋ?”

ಸಕ್ಕರೆ ಕಾಯಿಲೆ ಹಳೆಯದಾದಂತೆ ಆ ಬೆರಳುಗಳು ಮರಗಟ್ಟಿದವು. ಸುಡುವ ಚಹಾದ ಲೋಟವನ್ನು ಅವನು ಸುಮ್ಮನೆ ಹಿಡಿದು ಕೂತದ್ದನ್ನು ಹೆಂಡತಿ ಭಾಗವ್ವ ನೋಡಿದಳು. ಆಮೇಲೆ, ಅವನು ಅಂಟಿಸುವ ಮೊದಲು ಅಚ್ಚಿನ ಮೇಲೆ ಜೋಡಿಸಿದ ಪಟ್ಟಿಗಳಲ್ಲಿ ಒಂದು ತಿರುಗುಮುರುಗಾಗಿದ್ದನ್ನೂ ನೋಡಿದಳು. ಅಂಟು ಕಲಸುವುದು ಅವಳ ಕೆಲಸ. ಅವನು ಅತ್ತ ಹೋದಾಗ ಬೆರಳಾಡಿಸಿ ನೋಡಿ, ಪಟ್ಟಿಯನ್ನು ಸರಿಯಾಗಿ ತಿರುಗಿಸಿಟ್ಟಳು. ಮುಂದಿನ ಬಿಲ್ಲುಗಳಿಗೂ ಹಾಗೆಯೇ ಮಾಡುತ್ತ ಬಂದಳು. ಅವನಿಗೆ ಹೇಳಲಿಲ್ಲ; ಬಿಲ್ಲು ಮುಗಿದಾಗಲೆಲ್ಲ “ಚಲೋ ಆಗೇತ್ರಿ” ಎನ್ನುತ್ತಿದ್ದಳು.

ಮಗಳ ಬಾಣಂತನಕ್ಕೆ ಭಾಗವ್ವ ಚಿಂಬಲ್‌ಗೆ ಹೋದಾಗ ಮಾನಪ್ಪ ಒಬ್ಬನೇ ಒಂದು ಬಿಲ್ಲು ಅಂಟಿಸಿದ. ಅವಳು ಮರಳಿದ ದಿನವೇ ಪರ್ವೇಜ ಅದನ್ನು ಒಯ್ಯಲು ಬಂದ. ಹೆದೆ ಕಟ್ಟಿ ಎಳೆದ. ಬಿಲ್ಲಿನ ಕೆಳತುದಿ ಬಾಗಲೇ ಇಲ್ಲ. ಹಿಡಿಕೆಯ ಪಕ್ಕದಲ್ಲಿ ಮಡಿಚಿಕೊಂಡು ಲಟಕ್ಕೆಂದು ಸೀಳಿತು.

“ಅಂಟು ಸರಿ ಹಿಡಿದಿಲ್ಲ ಕಾಣಸ್ತೈತ್ರಿ,” ಎಂದಳು ಭಾಗವ್ವ, ಯಾರೂ ಕೇಳುವ ಮೊದಲೇ.

ಮಾನಪ್ಪ ಮುರಿದ ತುಂಡನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದ. “ಪಟ್ಟಿ ತಿರುವಿ ಇಟ್ಟೇನಿ. ಬೆರಳಿಗೆ ತಿಳೀಲಿಲ್ಲ.” ಹೆಂಡತಿಯ ಕಡೆ ತಿರುಗಿದ. “ಇಷ್ಟು ದಿನ ಹೆಂಗ ಸರಿ ಬರಾಕತ್ತಿತ್ತು?”

ಭಾಗವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

“ಯಾಕ ಹೇಳಲಿಲ್ಲ ನೀ?”

“ಹೇಳಿದ್ರ ಮುಂಜಾನಿ ಏಳೂದ ಬಿಡ್ತಿದ್ರಿ ನೀವು.”

“ಇಬ್ಬರೂ ಕೂಡಿ ಮಾಡ್ರಲ್ಲ ಕಾಕಾ,” ಎಂದ ಪರ್ವೇಜ, ಮೆಲ್ಲಗೆ.

“ಇನ್ನ ಆಗಂಗಿಲ್ಲೋ. ಆಕಿ ಬಿಲ್ಲು ಮಾಡೂದು, ನಾ ಬಡಿಗ್ಯಾ ಅನಸ್ಕೊಳ್ಳೂದು.”

ಈಗ ಮಾನಪ್ಪ ಡಿಚೋಲಿಯಲ್ಲಿ ಒಂದು ಕಟ್ಟಿಗೆ ಅಡ್ಡೆಯ ಗೇಟು ಕಾಯುತ್ತಾನೆ. ಹೆಂಡತಿಯ ಮೇಲೆ ಅವನಿಗೆ ಸಿಟ್ಟಿಲ್ಲ. ಒಂದು ದಿನವೂ ಆ ಮಾತು ಎತ್ತಿಲ್ಲ. ಆದರೆ ಅವಳು “ಚಲೋ ಆಗೇತ್ರಿ” ಅಂದಾಗಲೆಲ್ಲ, ಅದು ಪಲ್ಯದ ಮಾತೇ ಆಗಲಿ, ಒಂದು ಗಳಿಗೆ ಅವಳ ಮುಖವನ್ನೇ ನೋಡುತ್ತಾನೆ.