ತೊರಾಬ್ ಚಾಚಾ ಮತ್ತು ‘ಶಂಖಿನಿ’ಯ ಒಡೆಯರು

ಬಾರಿಸಾಲದ ನದಿ ಘಾಟಿನಲ್ಲಿ ತೊರಾಬ್ ಅಲಿ ಚಾಚಾನನ್ನು ಸೊಕ್ಕಿನ ಮುದುಕ ಎನ್ನುವವರಿದ್ದಾರೆ. ಅಲ್ಲೇ ಚಹಾ ಮಾರುವ ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ಎರಡೂ ಪಕ್ಕೆಗೆ ನೀರು ತಳ್ಳುವ ದೊಡ್ಡ ಚಕ್ರಗಳಿದ್ದ ‘ಶಂಖಿನಿ’ ಸ್ಟೀಮರಿಗೆ ಚಾಚಾ ಚುಕ್ಕಾಣಿ ಹಿಡಿಯಲು ಸೇರಿದ್ದು ಬಿಳಿಯರ ಕಂಪನಿಯ ಕಾಲದಲ್ಲಿ. ದೇಶ ಹೋಳಾದ ಮೇಲೆ ಒಡೆಯರು ಕರಾಚಿಯವರಾದರು. ಬೈಗುಳ ಇಂಗ್ಲಿಷಿನಿಂದ ಉರ್ದುವಿಗೆ ಬಂತು, ಅಷ್ಟೇ. ಚಾಚಾ ಮಾತ್ರ ಅದೇ ಚುಕ್ಕಾಣಿ ಹಿಡಿದು ನಿಂತರು.

ಎಪ್ಪತ್ತೊಂದರ ಯುದ್ಧದಲ್ಲಿ ಪಾಕಿಸ್ತಾನದ ಸೈನಿಕರು ಸ್ಟೀಮರು ಹತ್ತಿ, ಶಿಮುಲ್‌ಕಾಠಿಗೆ ನಡೆ ಎಂದರು. ಊರು ಸುಡಲು ಹೊರಟವರು. ಚಾಚಾ ನೀರಿನ ಇಳಿತ ನೋಡಿಕೊಂಡು ಸ್ಟೀಮರನ್ನು ಮರಳದಿಬ್ಬಕ್ಕೆ ಏರಿಸಿಬಿಟ್ಟರು. ಮತ್ತೆ ನೀರು ಏರುವಷ್ಟರಲ್ಲಿ ಸುದ್ದಿ ಮುಟ್ಟಿ ಊರು ಖಾಲಿಯಾಗಿತ್ತು. ಸೈನಿಕರು ಬಂದೂಕಿನ ಹಿಡಿಯಿಂದ ಅವರ ಬಲಗೈ ಬೆರಳುಗಳನ್ನು ಜಜ್ಜಿದರು.

ಯುದ್ಧ ಗೆದ್ದು ನಮ್ಮ ದೇಶ ಬೇರೆಯಾದ ಮೇಲೆ ನಮ್ಮದೇ ಸರ್ಕಾರ ಒಡೆಯನಾಯಿತು. ನಮ್ಮದೇ ಅಧಿಕಾರಿ ಕೇಳಿದ: “ಶತ್ರುಗಳನ್ನ ಹತ್ತಿಸ್ಕೊಂಡವ್ನು ನೀನೇ ಅಲ್ವಾ?”

“ಹೌದು ಸಾಹೇಬ್ರೆ. ಎಲ್ಲಿಗೆ ಮುಟ್ಟಿಸಿದೆ ಅಂತಲೂ ಕೇಳಿ.”

ಅವನು ಕೇಳಲಿಲ್ಲ, ಕೆಲಸದಿಂದ ತೆಗೆದ. ಸುದ್ದಿ ತಿಳಿದು ಶಿಮುಲ್‌ಕಾಠಿಯ ಹೆಂಗಸರು ದೋಣಿಗಳಲ್ಲಿ ಬಂದು ಕಚೇರಿಗೇ ನುಗ್ಗಿದರು. “ನಾವು ಉಸಿರಾಡ್ತಿರೋದೇ ಈ ಮನುಷ್ಯನಿಂದ. ನೀವ್ಯಾರು ಸ್ವಾಮಿ, ಆಗ ಎಲ್ಲಿ ಅಡಗಿದ್ರಿ?” ಎಂದರು. ಚಾಚಾಗೆ ಚುಕ್ಕಾಣಿ ಮರಳಿ ಸಿಕ್ಕಿತು. ಕ್ಷಮೆ ಯಾರೂ ಕೇಳಲಿಲ್ಲ.

ಅವರು ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ ಢಾಕಾದ ಗುತ್ತಿಗೆದಾರನೊಬ್ಬ ‘ಶಂಖಿನಿ’ಯನ್ನು ಕೊಂಡ. ಚಕ್ರಗಳನ್ನು ಕಿತ್ತು ಗುಜರಿಗೆ ಹಾಕಿ, ಘಾಟಿಗೆ ಕಟ್ಟಿ ಹೋಟೆಲು ಮಾಡಿದ. ನನ್ನ ಅಂಗಡಿಯ ಮುಂದೆಯೇ ಚಾಚಾನನ್ನು ಕರೆದ: “ಚಾಚಾ, ಬಿಳಿ ಯೂನಿಫಾರ್ಮ್ ಕೊಡಿಸ್ತೀನಿ. ಬಾಗಿಲಲ್ಲಿ ನಿಂತು ಬಂದೋರಿಗೆ ಸಲಾಂ ಹೊಡೀರಿ, ಸಾಕು.”

“ಕಾಲು ಕಡಿದ ಕುದುರೆಗೆ ನನ್ನನ್ನ ಬಾಲ ಮಾಡ್ತೀಯೇನಪ್ಪಾ?” ಎಂದರು ಚಾಚಾ.

ಹೋಟೆಲು ತೆರೆದ ದಿನ ಅವರು ಹೆಂಡತಿ ಸೊಖಿನಾ ಚಾಚಿಯ ಜೊತೆ ಊಟಕ್ಕೆ ಹೋದರು. ಕಾವಲುಗಾರ ತಡೆದ: “ಲುಂಗಿ ಉಟ್ಟವರಿಗೆ ಒಳಗೆ ಜಾಗ ಇಲ್ಲ.”

ಸೊಖಿನಾ ಚಾಚಿ ಸಿಡಿದರು: “ಲುಂಗಿಯವ್ರು ನಡೆಸಿದ ಹಡಗು ಕಣೋ ಇದು! ಬನ್ರಿ, ಇಲ್ಲೇ ಕೂತ್ಕೊಳ್ಳೋಣ.”

ಇಬ್ಬರೂ ದಡದಿಂದ ಹಡಗಿಗೆ ಹತ್ತುವ ಹಲಗೆಯ ಮೇಲೇ ಕುಳಿತರು. ಕೂಲಿಗಳು ಬಂದು ಕುಳಿತರು, ಅಂಬಿಗರು ಕುಳಿತರು, ಅಂಗಡಿ ಮುಚ್ಚಿ ನಾನೂ ಕುಳಿತೆ. ಅತಿಥಿಗಳ ಕಾರುಗಳು ಸಾಲಾಗಿ ನಿಂತವು. ಕೊನೆಗೆ ಗುತ್ತಿಗೆದಾರನೇ ಓಡಿಬಂದು ಕೈಮುಗಿದ.

ಅಂದು ನಾವೆಲ್ಲ ಲುಂಗಿಯಲ್ಲೇ ಮೇಲಿನ ಅಂತಸ್ತಿಗೆ ಹೋದೆವು. ಸಾಸಿವೆ ಅರೆದು ಹಾಕಿದ ಇಲಿಶ್ ಮೀನಿನ ಸಾರು ಬಂತು. ಚಾಚಾ ಒಂದು ತುತ್ತು ತಿಂದು, ಅಡಿಗೆಯವನನ್ನು ಕರೆದು, “ಸಾಸಿವೆ ಕಮ್ಮಿಯಾಯ್ತು” ಎಂದು ಗದರಿದರು.