ಗೀರಿದ ರೆಕಾರ್ಡು, ತಿರುಗುವ ಫ್ಯಾನು

ಖಾನಾಪುರದ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಮನೆ ಬೆಳಗಾವಿಯಲ್ಲಿ, ಓಡಾಟ ಬಸ್ಸಿನಲ್ಲಿ. ದಕ್ಷಿಣ ಆಫ್ರಿಕಾದ ವರ್ಣಭೇದದ ಪಾಠ ಬಂದಾಗ ಪುಸ್ತಕದಲ್ಲಿಲ್ಲದ ಒಂದು ಸಂಗತಿಯನ್ನು ಸೇರಿಸುವುದು ನನ್ನ ರೂಢಿ. ಅಲ್ಲಿ ಆಫ್ರಿಕಾನ್ಸ್ ಎಂಬ ಭಾಷೆಯಿದೆ. ಆಳುತ್ತಿದ್ದ ಬಿಳಿಯರ ಮಾತು ಅದು. ಅವರು ತುಳಿದಿಟ್ಟ ಎಷ್ಟೋ ಜನರ ಮನೆಮಾತೂ ಹೌದು. ಎಂಬತ್ತರ ದಶಕದ ಕೊನೆಯಲ್ಲಿ ಆ ಬಿಳಿಯರದೇ ಕೆಲವು ಮಕ್ಕಳು ಗಿಟಾರು ಹಿಡಿದು, ಅದೇ ಭಾಷೆಯಲ್ಲಿ, ತಮ್ಮ ಅಪ್ಪಂದಿರನ್ನೂ ತಮ್ಮ ಅಧ್ಯಕ್ಷರನ್ನೂ ಗೇಲಿ ಮಾಡಿ ಹಾಡಿದರು. ಕಾಲೇಜಿಂದ ಕಾಲೇಜಿಗೆ ತಿರುಗಿದರು. ಕೆಲವು ಕಾಲೇಜುಗಳು ಒಳಗೇ ಬಿಡಲಿಲ್ಲ. ಸರ್ಕಾರಿ ರೇಡಿಯೋದಲ್ಲಿ ಯಾರೂ ಅಂಥ ಹಾಡನ್ನು ಹಾಕಬಾರದೆಂದು ರೆಕಾರ್ಡಿನ ಮೇಲೆ ಚೂಪಾದ ವಸ್ತುವಿನಿಂದ ಗೀರುತ್ತಿದ್ದರು. ಮೊಳೆಯಿಂದ ಎಂದು ನಾನು ಹೇಳುತ್ತೇನೆ. ಆಮೇಲೆ ಫೋನಿನಿಂದ ಎರಡು ಹಾಡು ಕೇಳಿಸುತ್ತೇನೆ. ಅರ್ಥ ನನಗೂ ಅನುವಾದ ಓದಿಯೇ ಗೊತ್ತು. "ನಮ್ಮವರನ್ನ ನಮ್ಮ ಭಾಷೆಯಲ್ಲೇ ಪ್ರಶ್ನಿಸೋದಕ್ಕೆ ಧೈರ್ಯ ಬೇಕು" ಎಂದು ಪಾಠ ಮುಗಿಸುತ್ತೇನೆ. ಈ ಮಾತು ಹೇಳುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಈ ವರ್ಷ ಒಬ್ಬ ಹುಡುಗಿ ಆ ಮಾತನ್ನು ನಂಬಿದಳು.

ಕನ್ನಡದ ಮನೆಯ ಹುಡುಗಿ. ಅವಳ ಓಣಿಯ ತುದಿಯಲ್ಲಿ ಮರಾಠಿ ಮಾತಾಡುವ ವಯಸ್ಸಾದ ಟೇಲರ್ ಇದ್ದಾರೆ. ಒಂದನೆಯ ತರಗತಿಯಿಂದ ಅವಳ ಯೂನಿಫಾರ್ಮ್ ಹೊಲಿದವರು ಅವರೇ. ಹೋದ ವರ್ಷ ಭಾಷೆಯ ಗಲಾಟೆಯಲ್ಲಿ ನಮ್ಮ ಕನ್ನಡದ ಹುಡುಗರು ಅವರ ಅಂಗಡಿಯ ಮರಾಠಿ ಬೋರ್ಡಿಗೆ ಮಸಿ ಬಳಿದರು. ಬಳಿದವರಲ್ಲಿ ಅವಳ ಅಣ್ಣನೂ ಇದ್ದ. ಅದರ ಮೇಲೆ ಹಾಡು ಕಟ್ಟಿ ನನಗೆ ತೋರಿಸಿದಳು.

"ಗ್ಯಾದರಿಂಗ್‌ನ್ಯಾಗ ಹಾಡ್ಲೇನ್ರಿ ಸರ್?"

"ಹಾಡು. ನಾ ಅದೀನಿ" ಎಂದೆ.

ಗ್ಯಾದರಿಂಗ್ ಎಂದರೆ ನಮ್ಮ ಕಡೆ ಕಾಲೇಜಿನ ವಾರ್ಷಿಕೋತ್ಸವ. ಈ ಸಲ ಕಾರ್ಯಕ್ರಮದ ಹೊಣೆ ನನ್ನದಿತ್ತು. ಮಧ್ಯಾಹ್ನ ಅವಳು ಗಿಟಾರು ಹಿಡಿದು ವೇದಿಕೆ ಹತ್ತಿದಾಗ ನಾನು ಧ್ವನಿವರ್ಧಕದವನ ಪಕ್ಕದಲ್ಲಿ ಕುಳಿತಿದ್ದೆ. ಟೇಲರ್ ಹಿಂದಿನ ಬಾಗಿಲ ಹತ್ತಿರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದರು. ಅವಳೇ ಕರೆದಿದ್ದಳು.

"ಮಸಿ ಬಳದ ಕೈಯಣ್ಣಾ, ತೊಳಕೊಂಡ್ ಬಾರೋ ಊಟಕ್ಕ,
ಅದ ಕೈಯಾಗ ಅಲ್ಲೇನೋ ನೀ ಅಕ್ಷರಾ ತಿದ್ದಿದ್ದಿ..."

ಮುಂದೆ ನಡೆದದ್ದನ್ನು ಕಂಡಂತೆಯೇ ಬರೆಯುತ್ತೇನೆ. ಎರಡನೆಯ ಸಾಲಿನ ಕುರ್ಚಿಗಳಲ್ಲಿ, ಮುಖ್ಯ ಅತಿಥಿಯಾಗಿದ್ದ ಕನ್ನಡ ಸಂಘಟನೆಯ ಮುಖಂಡನ ಜೊತೆ ಬಂದಿದ್ದ ಒಬ್ಬ ಕಾಲ ಮೇಲಿನ ಕಾಲು ಇಳಿಸಿದ. ಇನ್ನೊಬ್ಬ ಜೇಬಿನಿಂದ ಫೋನ್ ತೆಗೆದ. ಅಷ್ಟೇ. ಯಾರೂ ಕೂಗಲಿಲ್ಲ, ಯಾರೂ ಏಳಲಿಲ್ಲ. ನನ್ನ ಕೈ ಚಾಚಿಕೊಂಡು ಹೋಗಿ ಅವಳ ಮೈಕಿನ ಗುಂಡಿಯನ್ನು ಕೆಳಗಿಳಿಸಿತು. ಧ್ವನಿವರ್ಧಕದವನು ನನ್ನ ಮುಖ ನೋಡಿದ. ಅವಳ ತುಟಿ ಇನ್ನೂ ಆಡುತ್ತಿತ್ತು.

ನಾನು ಇನ್ನೊಂದು ಮೈಕ್ ಹಿಡಿಯದೆ, ಬರಿ ಗಂಟಲಲ್ಲಿ, "ಕರೆಂಟ್ ಹೋಗೇತಿ, ಸುಮ್ನ ಕುಂದರ್ರಿ ಎಲ್ಲಾರೂ" ಎಂದೆ. ಆ ಗಡಿಬಿಡಿಯಲ್ಲೂ ಮೈಕ್ ಹಿಡಿಯಬಾರದೆಂಬುದು ನನಗೆ ಹೊಳೆದಿತ್ತು.

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಸರ್, ಹಂಗಾರ ಫ್ಯಾನ್ ಗಾಳಿಗೆ ತಿರಗಾಕತ್ತಾವೇನ್ರಿ?"

ಸಭೆಯೆಲ್ಲ ನಕ್ಕಿತು. ಅವಳು ತಲೆಯೆತ್ತಿ ಫ್ಯಾನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಕೆಳಗಿಳಿದಳು. ಬಾಗಿಲ ಹತ್ತಿರ ಟೇಲರ್ ಇರಲಿಲ್ಲ.

ಮರುದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಹತ್ತಿರ ಬಂದಳು.

"ಸರ್, ಒಂದ್ ಕೇಳ್ಲೇನ್ರಿ? ಆ ರೇಡಿಯೋದಾಗ ಮೊಳಿ ಹಿಡದು ಗೀರಿದಾಂವ ದೊಡ್ಡ ಸಾಹೇಬನೋ, ಕೈಕೆಳಗಿನಾಂವನೋ?"

"ನನಗ ಗೊತ್ತಿಲ್ಲವ್ವಾ" ಎಂದೆ. ಇಷ್ಟು ವರ್ಷ ಆ ಮೊಳೆಯ ಕಥೆ ಹೇಳಿದ್ದೆ. ಅದನ್ನು ಹಿಡಿದವನು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಅವಗೂ ಹಾಡ ಮನಸ್ಸಿಗೆ ಸೇರಿರಬೇಕ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ತಡೆದಳು. "ನನಗೇನ್ ಹೇಳಬ್ಯಾಡ್ರಿ. ನನಗ ಗೊತ್ತೈತಿ. ಟೇಲರ್ ಕಾಕಾ ಅರ್ಧಾ ದಿನಾ ಮಷೀನ್ ಬಂದ್ ಮಾಡಿ ಬಂದಿದ್ರು. ಅವ್ರಿಗೆ ಹೇಳ್ರಿ."

ಮೂರು ದಿನ ಬಿಟ್ಟು ಹೋದೆ. ಬರಿಗೈಯಲ್ಲಿ ಹೋಗಲಾರದೆ ಒಂದು ಪ್ಯಾಂಟನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಬೋರ್ಡಿನ ಮಸಿಯನ್ನು ಸೀಮೆಎಣ್ಣೆ ಹಾಕಿ ಉಜ್ಜಿದ್ದರು. ಮಸಿಯ ಜೊತೆ ಅಕ್ಷರಗಳೂ ಅರ್ಧ ಹೋಗಿದ್ದವು.

"ಯಾ ಸರ್, ಬಸಾ, ಕುಂದರ್ರಿ" ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಕೂರಲು ಹೇಳಿ ಸ್ಟೂಲ್ ಒರೆಸಿದರು. "ಏನ್ ಹೊಲಿಯೂದೈತಿ?"

"ಪ್ಯಾಂಟ್ ಉದ್ದ ಆಗೇತ್ರಿ."

ನನ್ನನ್ನು ನಿಲ್ಲಿಸಿ, ತಾವು ಮಂಡಿಯೂರಿ ನನ್ನ ಕಾಲ ಹತ್ತಿರ ಟೇಪ್ ಹಿಡಿದರು. ಅವರ ನೆತ್ತಿಯ ಬಿಳಿ ಕೂದಲು ನನಗೆ ಕಾಣುತ್ತಿತ್ತು. ಹೇಳುವುದಾದರೆ ಈಗಲೇ ಎಂದುಕೊಂಡೆ.

ಅವರು ತಲೆಯೆತ್ತದೆಯೇ ಹೇಳಿದರು: "ಹುಡುಗಿ ಛಲೋ ಹಾಡಾಕತ್ತಿತ್ರಿ. ಖರೇ. ಅಷ್ಟರಾಗ ಕರೆಂಟ್ ಹೋತು."

ಅವರು ಆ ದಿನ ಫ್ಯಾನು ನೋಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಹೇಳಲು ಅವಕಾಶ ಕೊಟ್ಟರೋ, ನನ್ನ ಮಾನ ಉಳಿಸಿದರೋ, ಅದೂ ಗೊತ್ತಿಲ್ಲ.

"ಹೌದ್ರಿ, ಹೋತು" ಎಂದೆ.

ಒಂದೂವರೆ ಇಂಚು ಕಡಿಮೆ ಮಾಡುವುದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಶುಕ್ರವಾರ ಬರಲು ಹೇಳಿದರು.

ಅಲ್ಲಿಂದ ಮೂರು ಶುಕ್ರವಾರ ದಾಟಿವೆ. ಬಸ್ಸಿನ ಕಿಟಕಿಯಿಂದ ಅಂಗಡಿ ಕಾಣುತ್ತದೆ. ಮಡಚಿಟ್ಟ ಬಟ್ಟೆಗಳ ಸಾಲಿನಲ್ಲಿ ನನ್ನ ಪ್ಯಾಂಟ್ ಎಲ್ಲಿದೆ ಎಂಬುದೂ ಗೊತ್ತು: ಮೇಲಿನಿಂದ ಎರಡನೆಯ ಹಲಗೆ. ಅದನ್ನು ತರಲು ಹೋದರೆ ನಿಜ ಹೇಳಿಯೇ ತರಬೇಕು. ಇನ್ನೂ ಹೋಗಿಲ್ಲ.